ಹಳೇ ಗೋವಾದ ಕಲ್ಲುಗಳು ಎಲ್ಲಿ ಹೋದವು?

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಹಳೆಯ ಗುರುನಿವಾಸದ ವಿಷಯ ಮತ್ತೆ ಬಂತು. ಅದನ್ನು ಕೆಡವುವುದೆಂದು ತೀರ್ಮಾನವಂತೂ ಆಗಿದೆ. ಜೆಸಿಬಿ ತರಿಸಿದರೆ ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ, ಎಲ್ಲವನ್ನೂ ಹಿಂದಿನ ಗುಂಡಿಗೆ ತುಂಬಿಸಬಹುದು ಎಂದು ಕೆಲವರು ಹೇಳಿದರು. ಹಂಚು, ಪಕ್ಕಾಸು, ಕೆಂಪುಕಲ್ಲು ಬೇರೆ ಬೇರೆ ತೆಗೆದಿಟ್ಟರೆ ಹೊಸ ಸಭಾಭವನಕ್ಕೆ ಆಗುತ್ತದೆ ಎಂದು ಹಿರಿಯರು ಪಟ್ಟು ಹಿಡಿದರು. ಕೊನೆಗೆ ಏನೇನು ಮರಳಿ ಉಪಯೋಗಕ್ಕೆ ಬರುತ್ತದೆ ಎಂದು ಪಟ್ಟಿ ಮಾಡುವ ಕೆಲಸ ಯುವಜನರ ತಲೆಗೆ ಬಿತ್ತು. ಕಾಸರಗೋಡಿನ ನಮಗೆ ಕೆಂಪುಕಲ್ಲು ಹೊಸದಲ್ಲ, ಆದರೆ ಇಂಥ ಲೆಕ್ಕ ಹೊಸದು. ಪಟ್ಟಿ ಶುರು ಮಾಡುವ ಮೊದಲು, ಇದೇ ಕರಾವಳಿಯ ಬಡಗು ದಿಕ್ಕಿನಲ್ಲಿ ಒಂದು ಇಡೀ ನಗರವನ್ನು ಹೀಗೆಯೇ ಬಿಚ್ಚಿ ಸಾಗಿಸಿದ ಚರಿತ್ರೆಯನ್ನು ಒಮ್ಮೆ ನೋಡೋಣ.

ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದರ್ಶನಕ್ಕೆ ಹಳೇ ಗೋವಾಕ್ಕೆ ಹೋದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬೊಂ ಜೀಸಸ್ ಬೆಸಿಲಿಕಾ, ಎದುರಿಗೆ ಸೇ ಕ್ಯಾಥೆಡ್ರಲ್, ಸುತ್ತ ಹುಲ್ಲುಹಾಸು, ತೆಂಗಿನ ಮರಗಳು. ಇಗರ್ಜಿಗಳು ಇಷ್ಟೊಂದು ದೊಡ್ಡವು, ಹಾಗಾದರೆ ಜನ ಇದ್ದ ಮನೆಗಳು ಎಲ್ಲಿ? ಬೀದಿಗಳು ಎಲ್ಲಿ? ಮೊದಲ ಸಲ ಹೋದಾಗ ನನಗೆ ಈ ಪ್ರಶ್ನೆ ಬರಲೇ ಇಲ್ಲ. ನಾವು ಅಲ್ಲೇ ಚಾಪೆ ಹಾಸಿ ಬುತ್ತಿ ಬಿಚ್ಚಿದ್ದೆವು.

1510ರಲ್ಲಿ ಅಫೊನ್ಸೊ ಡಿ ಅಲ್ಬುಕರ್ಕ್ ಗೋವಾವನ್ನು ವಿಜಯಪುರದ ಆದಿಲ್ ಶಾಹಿಗಳಿಂದ ಗೆದ್ದ ಮೇಲೆ ಈ ಊರು ಪೂರ್ವ ದೇಶಗಳಲ್ಲಿ ಪೋರ್ಚುಗೀಸರ ರಾಜಧಾನಿಯಾಯಿತು. ನೂರಿನ್ನೂರು ವರ್ಷಗಳಲ್ಲಿ ಮಲೇರಿಯಾ, ಕಾಲರಾ ಮತ್ತೆ ಮತ್ತೆ ಬಂದು ಜನರನ್ನು ಅಳಿಸಿದವು. ಬಾವಿಗಳ ನೀರೇ ಕೆಟ್ಟಿತ್ತು. 17ನೇ ಶತಮಾನದ ಕೊನೆಗೆ ರಾಜಧಾನಿಯನ್ನು ಮೊರ್ಮುಗೋವಾಕ್ಕೆ ಒಯ್ಯುವ ಯೋಜನೆ ಹುಟ್ಟಿತು. ಹಳೆಯ ಸರ್ಕಾರಿ ಕಟ್ಟಡಗಳನ್ನು ಕೆಡವಿ ಅದರ ಸಾಮಗ್ರಿಯಿಂದಲೇ ಹೊಸತು ಕಟ್ಟಬೇಕೆಂದು ಲಿಸ್ಬನ್ನಿನಿಂದ ಆಜ್ಞೆಯೂ ಬಂತು. ಆ ಯೋಜನೆ ಕೈಗೂಡಲಿಲ್ಲ. 1759ರಲ್ಲಿ ವೈಸ್‌ರಾಯ್ ಪಣಜಿಯಲ್ಲಿದ್ದ ಆದಿಲ್ ಶಾಹನ ಹಳೆಯ ಅರಮನೆಗೆ ವಾಸ ಬದಲಿಸಿದ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು.

ಜೌಗು ನೆಲದ ಪಣಜಿಯಲ್ಲಿ ಕಟ್ಟಲು ಕಲ್ಲು ಬೇಕಿತ್ತು. ಹತ್ತು ಕಿಲೋಮೀಟರ್ ಮೇಲೆ, ಅದೇ ಮಾಂಡೋವಿ ನದಿಯ ದಡದಲ್ಲಿ, ಕಡಿದು ಚೌಕ ಮಾಡಿದ ಕಲ್ಲಿನ ರಾಶಿಯೇ ನಿಂತಿತ್ತು. ವೈಸ್‌ರಾಯ್ ಅರಮನೆಯನ್ನು 1820ರಲ್ಲಿ ಕೆಡವಿದರು. ಇನ್ಕ್ವಿಸಿಷನ್ 1812ರಲ್ಲಿ ಶಾಶ್ವತವಾಗಿ ರದ್ದಾಗಿತ್ತು. ಅದರ ಭವನವನ್ನು 1828ರಿಂದ 1830ರ ನಡುವೆ ಉರುಳಿಸಿದರು. 1832ರಲ್ಲಿ ಸಂತ ಪೌಲರ ಕಾಲೇಜಿನ ಸರದಿ. 1556ರಲ್ಲಿ ಭಾರತದ ಮೊದಲ ಮುದ್ರಣ ಯಂತ್ರ ಬಂದಿಳಿದದ್ದು ಆ ಕಾಲೇಜಿಗೆ. ಇಂದು ಅಲ್ಲಿ ಉಳಿದಿರುವುದು ಮುಂಭಾಗದ ಒಂದು ಕಮಾನು ಮಾತ್ರ, ಕಲ್ಲುಗಳು ಪಣಜಿಗೆ ಹೋದವು.

ಇದು ಸಾಧ್ಯವಾದದ್ದಕ್ಕೆ ಕಾರಣ ಕಟ್ಟಿದ ರೀತಿಯಲ್ಲೇ ಇದೆ. ಕೆಂಪುಕಲ್ಲು ನೆಲದಿಂದ ತೆಗೆಯುವಾಗ ಮೆದು, ಗಾಳಿಗೆ ಒಡ್ಡಿದಷ್ಟೂ ಗಟ್ಟಿ. ಒಂದು ಗೋಡೆಯಲ್ಲಿ ಇನ್ನೂರು ವರ್ಷ ಇದ್ದ ಕಲ್ಲು ಇನ್ನೊಂದು ಗೋಡೆಗೆ ಧಾರಾಳವಾಗಿ ಆಗುತ್ತದೆ. ಅದನ್ನು ಜೋಡಿಸಿದ್ದು ಸುಣ್ಣದ ಗಾರೆಯಲ್ಲಿ. ಸುಣ್ಣದ ಗಾರೆ ಕಲ್ಲಿಗಿಂತ ಮೆದು, ಹಾಗಾಗಿ ಹಾರೆಯಿಂದ ಮೀಟಿದರೆ ಗಾರೆ ಬಿಡುತ್ತದೆ, ಕಲ್ಲು ಇಡಿಯಾಗಿ ಕೈಗೆ ಬರುತ್ತದೆ. ಸಿಮೆಂಟ್ ಹಾಗಲ್ಲ. ಅದು ಕೆಂಪುಕಲ್ಲನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಮೀಟಿದರೆ ಒಡೆಯುವುದು ಕಲ್ಲೇ. ನಮ್ಮ ಗುರುನಿವಾಸದ ಮುಂದಿನ ಭಾಗ ಸುಣ್ಣದ್ದು, ಹಿಂದೆ ಸೇರಿಸಿದ ಅಡುಗೆಕೋಣೆ ಸಿಮೆಂಟಿನದು. ಪಟ್ಟಿಯಲ್ಲಿ ಎರಡನ್ನೂ ಒಟ್ಟಿಗೆ ಬರೆದರೆ ಲೆಕ್ಕ ತಪ್ಪುತ್ತದೆ. ಸಿಮೆಂಟ್ ಭಾಗ ಪುಡಿಯಾಗಿಯೇ ಉಪಯೋಗಕ್ಕೆ ಬರಬೇಕು. ಕಟ್ಟಡ ತ್ಯಾಜ್ಯಕ್ಕೆಂದೇ ಕೇಂದ್ರ ಸರ್ಕಾರ 2016ರಲ್ಲಿ ಪ್ರತ್ಯೇಕ ನಿಯಮ ತಂದಿತು. ಅದೇ ವರ್ಷ ಭಾರತೀಯ ಮಾನಕ ಐಎಸ್ 383, ಸಂಸ್ಕರಿಸಿದ ಕಾಂಕ್ರೀಟ್ ಜಲ್ಲಿಯನ್ನು ಕಬ್ಬಿಣ ಹಾಕದ ಕಾಂಕ್ರೀಟಿನಲ್ಲಿ ಶೇ. 25ರವರೆಗೆ ಸೇರಿಸಬಹುದೆಂದು ಒಪ್ಪಿತು.

ಮತ್ತೆ ಗೋವಾಕ್ಕೆ ಬರೋಣ. ಪಣಜಿಯ ಆಜಾದ್ ಮೈದಾನದಲ್ಲಿ ಒಂದು ಮಂಟಪವಿದೆ. ಅದರ ಕೊರಿಂಥಿಯನ್ ಕಂಬಗಳು ಹಳೇ ಗೋವಾದಲ್ಲಿ ಪಾಳುಬಿದ್ದ ಇಗರ್ಜಿಯಿಂದ ಬಂದವು. ಮೊದಲು ಅದರಡಿಯಲ್ಲಿ ಅಲ್ಬುಕರ್ಕನ ಪ್ರತಿಮೆ ಇತ್ತು. ಈಗ ಸ್ವಾತಂತ್ರ್ಯ ಹೋರಾಟಗಾರ ಟ್ರಿಸ್ಟಾವ್ ಡಿ ಬ್ರಗಾಂಝಾ ಕುನ್ಹಾ ಅವರ ಸ್ಮಾರಕ. ಇನ್ಕ್ವಿಸಿಷನ್ ಭವನದ ದೊಡ್ಡ ಶಿಲುಬೆಪ್ರತಿಮೆ ಪಣಜಿಯ ಅರಮನೆಗೆ ಹೋಗಿ, ಅಲ್ಲಿಂದ 1918ರಲ್ಲಿ ಫೊಂತೈನ್ಯಾಸ್ ಬೀದಿಯ ಸಂತ ಸೆಬಾಸ್ಟಿಯನ್ನರ ಚಾಪೆಲ್ ಸೇರಿತು. ಸಾಮಾನ್ಯವಾಗಿ ಶಿಲುಬೆಯ ಮೇಲಿನ ಕ್ರಿಸ್ತನ ಕಣ್ಣು ಮುಚ್ಚಿರುತ್ತದೆ. ಇದರಲ್ಲಿ ತೆರೆದಿದೆ.

ಪಟ್ಟಿ ಮಾಡುವ ನಾವು ಇನ್ನೊಂದು ಮಾತನ್ನೂ ಮುಚ್ಚಿಡಬಾರದು. 1540ರಲ್ಲಿ ತಿಸ್ವಾಡಿ ದ್ವೀಪದ ಹಿಂದೂ ದೇವಾಲಯಗಳನ್ನು ಪೋರ್ಚುಗೀಸರು ಕೆಡವಿಸಿದ್ದರು. ಗೋವಾವನ್ನು ಆಳಿದ ಕದಂಬರ ಕಾಲದ ದೇವಾಲಯ ಕೆಡದೆ ನಿಂತಿರುವುದನ್ನು ನೋಡಬೇಕಾದರೆ ಕಾಡಿನೊಳಗಿನ ತಾಂಬಡಿ ಸುರ್ಲಾಕ್ಕೇ ಹೋಗಬೇಕು. ಹಳೇ ಗೋವಾದ ಗೋಡೆಗಳು ಪಣಜಿಗೆ ಹೊರಡುವ ಮೊದಲೇ ಈ ನೆಲದಲ್ಲಿ ಕಲ್ಲುಗಳು ಒಮ್ಮೆ ಕೈ ಬದಲಿಸಿದ್ದವು, ಮತ್ತು ಆಗ ಯಾರೂ ಅವುಗಳ ಒಡೆಯರನ್ನು ಕೇಳಿರಲಿಲ್ಲ.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಸಂತ ಅಗಸ್ಟೀನರ ಇಗರ್ಜಿ. ಪೋರ್ಚುಗಲ್ ಧಾರ್ಮಿಕ ಸಭೆಗಳನ್ನು ರದ್ದು ಮಾಡಿದಾಗ, 1835ರಲ್ಲಿ, ಅಲ್ಲಿನ ಸಂನ್ಯಾಸಿಗಳು ಬಿಟ್ಟುಹೋದರು. 1842ರಲ್ಲಿ ಕಮಾನು ಚಾವಣಿ ಕುಸಿಯಿತು. ಗಂಟೆಗೆ ಬೆಲೆಯಿತ್ತು, ಆದ್ದರಿಂದ ಅದು ಉಳಿಯಿತು. ಕೆಲಕಾಲ ಅಗ್ವಾಡ ಕೋಟೆಯ ದೀಪಸ್ತಂಭದಲ್ಲಿದ್ದು, 1871ರಲ್ಲಿ ಪಣಜಿಯ ಇಮ್ಯಾಕ್ಯುಲೇಟ್ ಕನ್ಸೆಪ್ಶನ್ ಇಗರ್ಜಿಗೆ ಬಂತು. ಸೇ ಕ್ಯಾಥೆಡ್ರಲ್ಲಿನ ಚಿನ್ನದ ಗಂಟೆ ಬಿಟ್ಟರೆ ಗೋವಾದಲ್ಲಿ ಅದೇ ದೊಡ್ಡದು. ಚಾವಣಿಯಿಲ್ಲದ ಗೋಡೆಗಳು ಮಾತ್ರ ವರ್ಷ ವರ್ಷದ ಮಳೆ ಕುಡಿದವು. ಗಾರೆಯ ಹೊದಿಕೆ ಹೋದ ಕೆಂಪುಕಲ್ಲು ಮಳೆಯಲ್ಲಿ ಸವೆಯುತ್ತದೆ. ಕಳೆದ ಶತಮಾನದಲ್ಲಿ ಗಾರೆ ಕೆರೆದು ತೆಗೆದ ಬೊಂ ಜೀಸಸ್ ಗೋಡೆಗಳೂ ಇಂದು ಇದೇ ತೊಂದರೆಯಲ್ಲಿವೆ. 1931ರಲ್ಲಿ ಅಗಸ್ಟೀನರ ಗೋಪುರದ ಒಂದು ಭಾಗ ಬಿತ್ತು. ಉಳಿದ ಅರೆಗೋಪುರ ಸುಮಾರು 46 ಮೀಟರ್ ಎತ್ತರ ನಿಂತಿದೆ.

ಯಾರಿಗೂ ಬೇಡವಾದ ಆ ಕಲ್ಲುಮಣ್ಣಿನ ಅಡಿಯಲ್ಲಿ ಬೇರೊಂದು ದೇಶದ ಆಸ್ತಿ ಇತ್ತು. ಜಾರ್ಜಿಯಾದ ರಾಣಿ ಕೆಟೆವನ್ 1624ರಲ್ಲಿ ಪರ್ಷಿಯಾದ ಶಿರಾಜಿನಲ್ಲಿ, ಮತ ಬದಲಿಸಲು ಒಪ್ಪದೆ, ಹಿಂಸೆಯಲ್ಲಿ ಸತ್ತಳು. ಅಗಸ್ಟೀನ್ ಸಭೆಯ ಗುರುಗಳು ಅವಳ ಅವಶೇಷಗಳ ಒಂದು ಭಾಗವನ್ನು 1627ರಲ್ಲಿ ಗೋವಾಕ್ಕೆ ತಂದಿದ್ದರು. ಯಾವ ಕೋಣೆಯಲ್ಲಿ, ಯಾವ ಕಿಟಕಿಯ ಬಳಿ ಇಟ್ಟರೆಂದು ಹಳೆಯ ಪೋರ್ಚುಗೀಸ್ ಬರಹದಲ್ಲಿತ್ತು. ಕಟ್ಟಡ ಬಿದ್ದಿತ್ತು, ಬರಹ ಉಳಿದಿತ್ತು. ಅದನ್ನೇ ಹಿಡಿದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅಗೆಯಿತು. 2005ರಲ್ಲಿ ತೋಳಿನ ಎಲುಬು ಸಿಕ್ಕಿತು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಡಿಎನ್‌ಎ ಪರೀಕ್ಷಿಸಿ, ಅದು ಅವಳದೇ ಇರಬಹುದೆಂದು 2013ರಲ್ಲಿ ತಿಳಿಸಿದರು. 2021ರ ಜುಲೈನಲ್ಲಿ ನಮ್ಮ ವಿದೇಶಾಂಗ ಸಚಿವರು ಅದರ ಒಂದು ಭಾಗವನ್ನು ಟಿಬಿಲಿಸಿಯಲ್ಲಿ ಜಾರ್ಜಿಯಾದ ಜನರಿಗೆ ಒಪ್ಪಿಸಿದರು.

ಹೀಗಾಗಿ ನಮ್ಮ ಪಟ್ಟಿಯಲ್ಲಿ ಕಲ್ಲು, ಹಂಚು, ಪಕ್ಕಾಸು, ರೀಪು, ಬಾಗಿಲು ಎಂಬ ಕಲಂಗಳ ಜೊತೆ ಇನ್ನೊಂದು ಕಲಂ ಸೇರಿಸಿದ್ದೇನೆ: ಯಾವುದು ಎಲ್ಲಿತ್ತು. ಪ್ರತಿ ಕೋಣೆಯ ಅಳತೆ, ಫೋಟೊ, ಮತ್ತು ಅಲ್ಲಿ ಇದ್ದವರ ಬಗ್ಗೆ ಹಿರಿಯರಿಗೆ ನೆನಪಿರುವುದು. ಹಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಅಚ್ಚು ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಶನಿವಾರ ಬೆಳಿಗ್ಗೆ ಏಳಕ್ಕೆ ಸೇರೋಣ, ಬಿಸಿಲು ಏರುವ ಮೊದಲು ಮಾಡಿನ ಕೆಲಸ ಮುಗಿಸಬೇಕು. ಅಳತೆಪಟ್ಟಿ ಇದ್ದವರು ತನ್ನಿ. ಏಣಿ ಇಗರ್ಜಿಯಲ್ಲೇ ಇದೆ.