ಕೊಟ್ಟವರು ಮತ್ತು ಉಂಡವರು

ನಮ್ಮ ನಾಡಿನ ಶಾಸನಗಳಲ್ಲಿ ದಾನ ಕೊಟ್ಟವರ ಹೆಸರು ಬೇಕಾದಷ್ಟು ಸಿಗುತ್ತದೆ. ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಇಂಥ ಸಂಪುಟಗಳನ್ನು ತಿರುವಿದರೆ ಮತ್ತೆ ಮತ್ತೆ ಕಾಣುವುದು ಒಂದೇ ಬಗೆಯ ಕತೆ. ಇಂಥ ಅರಸ, ಇಂಥ ಗೌಡ, ಇಂಥ ದೇವರಿಗೆ ಇಷ್ಟು ಗದ್ದೆ ಬಿಟ್ಟ. ಅದರ ಎಲ್ಲೆ ಇಲ್ಲಿಂದ ಇಲ್ಲಿಯವರೆಗೆ. ದತ್ತಿಗೆ ಅಳುಪಿದವನಿಗೆ ನರಕ. ಆ ಗದ್ದೆಯ ಭತ್ತ ಕುಟ್ಟಿದವಳು ಯಾರು, ಬೇಯಿಸಿದವಳು ಯಾರು, ಹಸಿದು ಬಂದು ಉಂಡವರು ಯಾರು ಎಂದು ಕಲ್ಲು ಹೇಳುವುದಿಲ್ಲ. ಕೊಟ್ಟವರಿಗೆ ಚರಿತ್ರೆಯಿದೆ, ಉಂಡವರಿಗೆ ಇಲ್ಲ.

ಸಮಾಜ ವಿಜ್ಞಾನ ಕಲಿಸುವ ನನಗೆ ಈ ವಿಚಾರ ಗಟ್ಟಿಯಾಗಿ ತಗುಲಿದ್ದು ಒಂಬತ್ತನೆಯ ತರಗತಿಯ ಆರು ಹುಡುಗಿಯರು ವಿಡಿಯೊ ಮಾಡಲು ಹೊರಟಾಗ. ನಮ್ಮೂರಿನ ಒಂದು ಧರ್ಮಕಾರ್ಯದ ಬಗ್ಗೆ ಐದು ನಿಮಿಷದ ವಿಡಿಯೊ ಮಾಡಬೇಕು ಎಂಬುದು ಅವರ ಯೋಜನೆ. ತುಮಕೂರಿನ ಮಕ್ಕಳು ಬೇರೆ ಯಾವುದನ್ನು ಆರಿಸಿಯಾರು? ಸಿದ್ಧಗಂಗಾ ಮಠದ ದಾಸೋಹವೇ ಆಗಬೇಕೆಂದರು. ಚಿತ್ರಗಳ ಪಟ್ಟಿಯನ್ನೂ ಬರೆದು ತಂದರು. ದೊಡ್ಡ ಕೊಪ್ಪರಿಗೆ, ಸಾಲು ಸಾಲು ತಟ್ಟೆ, ತಟ್ಟೆ ಚಾಚಿದ ಪುಟ್ಟ ಹುಡುಗನ ಮುಖ ಕ್ಲೋಸಪ್ಪಿನಲ್ಲಿ, ಹಿಂದೆ ಕರುಣೆ ಉಕ್ಕಿಸುವ ಕೊಳಲು.

ಐವರು ಉತ್ಸಾಹದಿಂದ ಮಾತಾಡುತ್ತಿದ್ದರು, ಒಬ್ಬಳು ಸುಮ್ಮನಿದ್ದಳು. ಬೆಲ್ಲಾದ ಮೇಲೆ ಉಳಿದವರು ಹೋಗುವುದನ್ನೇ ಕಾದು ನನ್ನ ಮೇಜಿನ ಹತ್ತಿರ ಬಂದಳು. "ನಮ್ಮಣ್ಣ ಅಲ್ಲೇ ಇದ್ದು ಓದಿದ್ದು ಮಿಸ್. ಅವನನ್ನ ಯಾರಾದ್ರೂ ಹಿಂಗೆ ತೋರಿಸಿದ್ದಿದ್ರೆ ನಮ್ಮಮ್ಮ ಎಷ್ಟು ಅಳ್ತಿದ್ರೋ," ಎಂದಳು. ಗೆಳತಿಯರಿಗೆ ಹೇಳಬೇಡಿ ಎಂದೂ ಕೇಳಿಕೊಂಡಳು.

ಮಾರನೆಯ ದಿನ ನಾನು ಚಿತ್ರಗಳ ಪಟ್ಟಿಯನ್ನು ಬದಿಗಿಟ್ಟು ದಾಸೋಹ ಎಂಬ ಪದವನ್ನು ಬೋರ್ಡಿನ ಮೇಲೆ ಬರೆದೆ. ದಾಸನು ನಾನು ಎಂಬುದೇ ಅದರ ಅರ್ಥ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. 12ನೆಯ ಶತಮಾನದ ಕಲ್ಯಾಣದ ಶರಣರು ಇದನ್ನು ತಿರುಗಿಸಿಬಿಟ್ಟರು. ಬಡಿಸುವವನೇ ದಾಸ, ಉಣ್ಣಲು ಕುಳಿತವನೇ ಒಡೆಯ. ಬಡಿಸುವ ಅನ್ನವೂ ತನ್ನ ಕಾಯಕದಿಂದ ಬಂದದ್ದಾಗಿರಬೇಕು.

ಈ ನಿಯಮವನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದವಳು ಒಬ್ಬ ಹೆಂಗಸು, ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಅದರಿಂದಲೇ ಅವರ ಮನೆಯ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಮನೆಗೆ ಬಂದ ಅಕ್ಕಿ ಎಂದು ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟು ನಮಗೆ ಯಾಕೆ, ಇದು ಆಸೆಯ ಅಕ್ಕಿ, ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾ ಎಂದಳು. ನಾಳೆಗಿರಲಿ ಎಂದು ಮಡಕೆಯಲ್ಲಿ ಕೂಡಿಡುವ ನಮ್ಮಂಥ ಗೃಹಿಣಿಯರಿಗೆ ಈ ಕತೆ ಕೇಳಿದಾಗಲೆಲ್ಲ ಸ್ವಲ್ಪ ಇರುಸುಮುರುಸು ಆಗುತ್ತದೆ.

ಆ ಪದವನ್ನು ಹಿಡಿದೇ ನಾವು ಮಠದ ಚರಿತ್ರೆಗೆ ಬಂದೆವು. ತುಮಕೂರಿನ ಮಗ್ಗುಲಲ್ಲೇ ಕ್ಯಾತ್ಸಂದ್ರ, ಅಲ್ಲಿನ ಬೆಟ್ಟದ ತಪ್ಪಲಲ್ಲಿ ಮಠ. 15ನೆಯ ಶತಮಾನದ ಗೋಸಲ ಸಿದ್ಧೇಶ್ವರರಿಂದ ಅದರ ಪರಂಪರೆಯನ್ನು ಎಣಿಸುತ್ತಾರೆ. ಉದ್ದಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಅಲ್ಲಿ ಸಂಸ್ಕೃತ ಪಾಠಶಾಲೆ ಶುರುವಾಯಿತು. ಆಗಿನ ಕಾಲದಲ್ಲಿ ಹಳ್ಳಿಯಲ್ಲಿ ಹೈಸ್ಕೂಲು ಎಂಬುದು ಕನಸು. ಓದಬೇಕೆಂದರೆ ಊರು ಬಿಡಬೇಕು. ಊರು ಬಿಟ್ಟರೆ ಅನ್ನ ಎಲ್ಲಿ? ಪೇಟೆಯಲ್ಲಿ ನೆಂಟರಿದ್ದರೆ ಸರಿ. ಕೆಲವು ಮನೆಗಳ ಹುಡುಗರಿಗೆ ವಾರಾನ್ನ ಸಿಗುತ್ತಿತ್ತು, ಒಂದೊಂದು ದಿನ ಒಂದೊಂದು ಮನೆ. ಮಿಕ್ಕ ಜಾತಿಗಳ ರೈತರ, ಕೂಲಿಯವರ ಮಕ್ಕಳಿಗೆ ಆ ಬಾಗಿಲೂ ಇರಲಿಲ್ಲ. ಆದ್ದರಿಂದ ವಿದ್ಯಾರ್ಥಿನಿಲಯ ಎಂಬುದು ನಮ್ಮ ನಾಡಿನಲ್ಲಿ ಶಾಲೆಯಷ್ಟೇ ದೊಡ್ಡ ಸಂಗತಿ. ಶಾಲೆ ತೆರೆದರೆ ಮಾತ್ರ ಮಗು ಓದುವುದಿಲ್ಲ, ಮಧ್ಯಾಹ್ನಕ್ಕೆ ಮುದ್ದೆಯೂ ಬೇಕು.

ಇದನ್ನು ಅನುಭವದಿಂದ ಬಲ್ಲವರು ಶಿವಕುಮಾರ ಸ್ವಾಮಿಗಳು. 1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ, 13 ಮಕ್ಕಳ ಮನೆಯಲ್ಲಿ ಕಡೆಯವರಾಗಿ ಹುಟ್ಟಿದ ಶಿವಣ್ಣ ಎಂಟನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡರು. ನಾಗವಲ್ಲಿಯಲ್ಲಿ, ತುಮಕೂರಿನಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1930ರಲ್ಲಿ ಸನ್ಯಾಸ ಪಡೆದರು, 1941ರಲ್ಲಿ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದ ಮೇಲೆ ಮಠದ ಹೊಣೆ ಹೊತ್ತರು. ಅದು ಯುದ್ಧಕಾಲ, ಧಾನ್ಯಕ್ಕೆ ಅಭಾವ, ಆಮೇಲೆ ರೇಷನ್. ಅಂಥ ಕಾಲದಲ್ಲೂ ಬಂದ ಮಕ್ಕಳಿಗೆ ಅನ್ನ ಹಾಕಿದರು. ವೀರಶೈವ ಮಠವಾದರೂ ಎಲ್ಲ ಜಾತಿ ಮತಗಳ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತರು. ಅವರ ಕೊನೆಗಾಲಕ್ಕೆ ಅಲ್ಲಿದ್ದು ಓದುವ ಮಕ್ಕಳ ಸಂಖ್ಯೆ ಸುಮಾರು 10,000.

ಇಷ್ಟು ಮಕ್ಕಳಿಗೆ ಹಾಕುವ ರಾಗಿ ಎಲ್ಲಿಂದ ಬರುತ್ತಿತ್ತು? ಹುಡುಗಿಯರಿಗೆ ಇದೇ ದೊಡ್ಡ ಕುತೂಹಲ. ಅವರಲ್ಲೊಬ್ಬಳ ಅಜ್ಜಿ ಗುಬ್ಬಿ ಕಡೆಯ ಹಳ್ಳಿಯವರು, ವಯಸ್ಸು ಎಂಬತ್ತು ದಾಟಿದೆ. ಮೊಬೈಲನ್ನು ತುಂಬಿದ ಚೀಲಕ್ಕೆ ಒರಗಿಸಿಟ್ಟು ಅವರನ್ನು ಮಾತಾಡಿಸಿದೆವು.

"ಕಣದಾಗೆ ರಾಶಿ ಆಯ್ತು ಅನ್ನು. ಅಳೆಯಕ್ಕೆ ಮುಂಚೆ ನಮ್ಮತ್ತೆ ಒಂದು ಮೊರ ಬೇರೆ ಎತ್ತಿಡೋರು, ಮಠದ್ದು ಅಂತ," ಎಂದರು ಅಜ್ಜಿ. "ಮಳೆ ಕೈಕೊಟ್ಟ ವರ್ಷ ಅರ್ಧ ಮೊರ. ಇಲ್ಲ ಅನ್ನಂಗಿಲ್ಲ. ಶಿವರಾತ್ರಿ ಜಾತ್ರೆಗೆ ಹೋಗೋ ಗಾಡಿಗೆ ಊರಿನ ಚೀಲ ಎಲ್ಲಾ ಹಾಕೋರು."

"ನಿಮ್ಮ ಹೆಸರು ಬರ್ಕೊಳ್ತಿದ್ರಾ ಅಜ್ಜಿ?" ಎಂದು ಹುಡುಗಿಯೊಬ್ಬಳು ಕೇಳಿದಳು.

ಅಜ್ಜಿ ನಕ್ಕರು. "ನನ್ನ ಹೆಸರು ಯಾಕವ್ವಾ? ಗಾಡಿ ಗೌಡ್ರದು. ಗೌಡ್ರ ಹೆಸರು ಬರ್ಕಂಡಿರ್ತಾರೆ."

ನನಗೆ ಶಾಸನದ ನೆನಪಾಯಿತು. ಉಂಡವರಷ್ಟೇ ಅಲ್ಲ, ಕೊಟ್ಟವರಲ್ಲಿಯೂ ಅರ್ಧ ಜನ ಲೆಕ್ಕದಿಂದ ಹೊರಗೆ. ಕಳೆ ಕಿತ್ತವಳು, ಕೇರಿದವಳು, ಮೊರ ಎತ್ತಿಟ್ಟವಳು ಯಾವ ರಸೀದಿಯಲ್ಲೂ ಇಲ್ಲ. ಈ ಅನ್ನದ ಚರಿತ್ರೆ ಬರೆಯಬೇಕಾದರೆ ಮಠದ ಬಾಗಿಲಿನಿಂದ ಹಿಂದಕ್ಕೆ ನಡೆದು ಹಳ್ಳಿಯ ಕಣಕ್ಕೆ ಹೋಗಬೇಕು.

ಹುಡುಗಿಯರು ಇನ್ನೊಂದು ಪ್ರಶ್ನೆ ಕೇಳಿದರು. ಅವರು ಕೇಳದಿದ್ದರೆ ನನಗೇ ಬೇಸರವಾಗುತ್ತಿತ್ತು. "ಅಲ್ಲಿ ಹುಡುಗಿಯರು ಯಾಕಿಲ್ಲ ಮಿಸ್?" ಸಿದ್ಧಗಂಗೆಯ ವಿದ್ಯಾರ್ಥಿನಿಲಯ ಬೆಳೆದದ್ದು ಗಂಡುಮಕ್ಕಳಿಗಾಗಿ. ಮನೆಯವರು ಮಗನನ್ನು ಮಠಕ್ಕೆ ಬಿಟ್ಟುಬರುತ್ತಿದ್ದ ಕಾಲದಲ್ಲಿ ಮಗಳನ್ನು ಎಲ್ಲಿಗೂ ಕಳಿಸುವ ಯೋಚನೆ ಇರಲಿಲ್ಲ. ಕಣದಲ್ಲಿ ಮೊರ ಎತ್ತಿಟ್ಟವಳ ಮಗಳು ಆ ಅನ್ನದ ಸಾಲಿಗೆ ಬರಲಿಲ್ಲ. ಮಠದ ಹಿರಿಮೆಗೆ ಇದರಿಂದ ಕುಂದಿಲ್ಲ, ಆದರೆ ಚರಿತ್ರೆಯಲ್ಲಿ ಇದನ್ನೂ ಹೇಳಬೇಕು.

ಆ ಮಗಳ ಪಾಲಿಗೆ ದಾಸೋಹ ಬಂದದ್ದು ತಡವಾಗಿ, ಸರ್ಕಾರಿ ಶಾಲೆಯ ದಾರಿಯಲ್ಲಿ. ಬೇಯಿಸಿದ ಬಿಸಿಯೂಟವನ್ನೇ ಶಾಲೆಯಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರಲ್ಲಿ ಆದೇಶಿಸಿತು. 2002ರಲ್ಲಿ ನಮ್ಮ ರಾಜ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದ ಯೋಜನೆ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಅದಕ್ಕಿಟ್ಟ ಹೆಸರು ಅಕ್ಷರ ದಾಸೋಹ. ಶರಣರ ಪದ ಸರ್ಕಾರದ ಕಡತಕ್ಕೂ ಬಂದು ಸೇರಿತು. ಅಲ್ಲಿ ಸೌಟು ಹಿಡಿದವರು ಹೆಚ್ಚಾಗಿ ಊರಿನ ಬಡ ಹೆಂಗಸರೇ.

ಇಷ್ಟೆಲ್ಲ ಕಲಿತ ಮೇಲೆ ಹುಡುಗಿಯರು ತಮ್ಮ ಪಟ್ಟಿಯನ್ನು ತಾವೇ ಹೊಡೆದುಹಾಕಿದರು. ಉಣ್ಣುವವನು ಒಡೆಯನಾದರೆ ಒಡೆಯನನ್ನು ಕೇಳದೆ ಅವನ ಮುಖ ತೆಗೆಯುವುದು ಸರಿಯಲ್ಲ ಎಂದಳು ಅವರಲ್ಲೊಬ್ಬಳು. ಮಠದಲ್ಲಿ ಅನುಮತಿ ಪಡೆದು, ಬಡಿಸುವ ಕೈಗಳನ್ನು, ಕೊಪ್ಪರಿಗೆಯ ಹಬೆಯನ್ನು, ಸಾಲಿನ ಹಿಂದಿನಿಂದ ಕಾಣುವ ಬೆನ್ನುಗಳನ್ನು ತೆಗೆದರು. ಕೊಳಲು ಬೇಡವೆಂದರು. ತಟ್ಟೆಗಳ ಸದ್ದೇ ಸಾಕಾಯಿತು.

ಕೊನೆಯ ಭಾಗಕ್ಕೆ 2019ರ ಜನವರಿ 21ನ್ನು ಇಟ್ಟುಕೊಂಡರು. ಅಂದು ಬೆಳಗ್ಗೆ 11.44ಕ್ಕೆ ಸ್ವಾಮಿಗಳು ಲಿಂಗೈಕ್ಯರಾದರು, ಆಗ ಅವರಿಗೆ 111 ವರ್ಷ. ಸುದ್ದಿ ಹೊರಗೆ ಬಂದದ್ದು ಮಧ್ಯಾಹ್ನ, ಮಕ್ಕಳ ಊಟ ಮುಗಿದ ಮೇಲೆ. ತಾನು ಹೋದ ಸುದ್ದಿಗೆ ಮಕ್ಕಳು ಹಸಿದುಕೊಂಡು ಕೂರಬಾರದು ಎಂಬುದು ಅವರ ಇಚ್ಛೆಯಾಗಿತ್ತೆಂದು ಅಂದು ಎಲ್ಲ ಪತ್ರಿಕೆಗಳೂ ಬರೆದವು. ದಾಸೋಹ ಎಂಬ ಪದಕ್ಕೆ ಅರ್ಥ ಹುಡುಕಲು ನಿಘಂಟು ಬೇಕಿಲ್ಲ, ಆ ಎರಡು ತಾಸು ಸಾಕು.

ಈ ಭಾಗವನ್ನು ಯಾರು ಓದಬೇಕು ಎಂಬ ಮಾತು ಬಂದಾಗ ಸುಮ್ಮನಿರುತ್ತಿದ್ದ ಹುಡುಗಿ ನಾನು ಓದುತ್ತೇನೆ ಎಂದಳು. ಅಂದು ಆ ಸಾಲಿನಲ್ಲಿ ಕುಳಿತು ಉಂಡವರಲ್ಲಿ ನಮ್ಮಣ್ಣನೂ ಒಬ್ಬ, ಆಗ ಅವನು ಹತ್ತನೆಯ ತರಗತಿ ಎಂದು ಗೆಳತಿಯರೆದುರಿಗೇ ಹೇಳಿದಳು. ಯಾರೂ ಅಯ್ಯೋ ಎನ್ನಲಿಲ್ಲ. ಒಬ್ಬಳು, "ಏನು ಹಾಕಿದ್ರಂತೆ ಅವತ್ತು ಊಟಕ್ಕೆ?" ಎಂದಳು. ಅದು ನನಗೆ ಹಿಡಿಸಿತು.

ವಿಡಿಯೊ ಕೊನೆಗೆ ಹೆಸರುಗಳು ಬರುತ್ತವಲ್ಲ, ಅಲ್ಲಿ ಅಣ್ಣನ ಹೆಸರು ಹಾಕಬಹುದೇ ಎಂದು ಆ ಸಂಜೆ ಫೋನಿನಲ್ಲಿ ಕೇಳಿದಳು. ವೈರಿಂಗ್ ಕೆಲಸದಲ್ಲಿದ್ದ ಅವನು ಅಲ್ಲಿಂದಲೇ ಉತ್ತರ ಕೊಟ್ಟ: "ಹಾಕು. ಉಂಡಿದ್ದೀನಲ್ಲ, ನಾಚಿಕೆ ಏನು? ಈಗ ಅಲ್ಲಿರೋ ಹುಡುಗರದ್ದು ಮಾತ್ರ ಬೇಡ. ದೊಡ್ಡವರಾದ ಮೇಲೆ ಅವರೇ ಹೇಳ್ಕೊಳ್ಳಲಿ."

ಕೊಟ್ಟವರು ಎಂಬ ಸಾಲಿನ ಕೆಳಗೆ ಅಜ್ಜಿಯ ಹೆಸರು, ಉಂಡವರು ಎಂಬ ಸಾಲಿನ ಕೆಳಗೆ ಅವನ ಹೆಸರು. ಎರಡನ್ನೂ ಒಂದೇ ಅಳತೆಯ ಅಕ್ಷರಗಳಲ್ಲಿ ಹಾಕಿದ್ದಾರೆ.