ಕಡಲಿನಿಂದ ಗಗನಯಾತ್ರಿಗಳನ್ನೆತ್ತಿದ ನೌಕಾಧಿಕಾರಿ

ಮಾನವರನ್ನು ಹೊತ್ತು ಚಂದ್ರನನ್ನು ಮೊತ್ತಮೊದಲು ಪ್ರದಕ್ಷಿಣೆಗೈದ ಅಪೊಲೊ-8 ನೌಕೆಯು 1968ರ ಡಿಸೆಂಬರ್ 27ರಂದು ಸೂರ್ಯೋದಯಕ್ಕೆ ಮುನ್ನವೇ ಪೆಸಿಫಿಕ್ ಸಾಗರಕ್ಕಿಳಿದಾಗ, ಕತ್ತಲೆಯಲ್ಲಿ ಮುಳುಗುಗಾರರನ್ನು ನೀರಿಗಿಳಿಸಲಾಗದೆಂದು ಬೆಳಕು ಹರಿಯುವವರೆಗೆ ಕಾದು, ಅನಂತರ ಮೂವರು ಯಾತ್ರಿಗಳನ್ನೂ ಒಬ್ಬೊಬ್ಬರನ್ನಾಗಿ ಬಲೆಯಲ್ಲಿ ಕೂರಿಸಿ ಮೇಲಕ್ಕೆಳೆದುಕೊಂಡ ಹೆಲಿಕಾಪ್ಟರಿನ ಚಾಲಕರು ಅಮೆರಿಕದ ನೌಕಾಪಡೆಯ ಕಮಾಂಡರ್ ಡೊನಾಲ್ಡ್ ಜೋನ್ಸ್. ಆ ಕಾಯುವಿಕೆಯ ಸಂಯಮವು ಸಾಹಸಕ್ಕಿಂತ ಮಿಗಿಲಾದುದೆಂದೇ ನಾವು ಬಗೆಯುತ್ತೇವೆ. 1969ರ ಜುಲೈ 24ರಂದು, ಚಂದ್ರನ ನೆಲವನ್ನು ಮೆಟ್ಟಿ ಬಂದವರನ್ನು ‘ಹಾರ್ನೆಟ್’ ಹಡಗಿಗೆ ತಲುಪಿಸಿದವರೂ ಇವರೇ.

ಕಡಲಿಗೆ ದೂರವಾದ ಅಮರಗೋಳ ಊರಿನವರಿಗೂ ಈ ಸ್ಮರಣೆ ಅನ್ಯವಲ್ಲ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದ ಆಚೆ, ಬಂಗಾಳ ಕೊಲ್ಲಿಯಲ್ಲಿ ತಲೆಕೆಳಗಾಗಿ ತೇಲುತ್ತಿದ್ದ ಭಾರತದ ಮಾನವಸಹಿತ ‘ಗಗನಯಾನ’ ಯೋಜನೆಯ ಪರೀಕ್ಷಾಕೋಶವನ್ನು ಮೇಲೆತ್ತಿದವರು ನಮ್ಮ ನೌಕಾಪಡೆಯವರು. ಆ ಯೋಜನೆಯನ್ನು ನಡೆಸುವ ಮಾನವ ಬಾಹ್ಯಾಕಾಶ ಯಾನ ಕೇಂದ್ರವಿರುವುದು ಬೆಂಗಳೂರಿನಲ್ಲಿ.