ನೆಲನೆಲ್ಲಿ: ಪ್ರಯೋಗಾಲಯದಿಂದ ರೋಗಿಯವರೆಗೆ



ಮಳೆ ಬಿದ್ದೊಡನೆ ಹೊಲದ ಬದುಗಳಲ್ಲಿ, ಮನೆಯ ಹಿತ್ತಿಲಿನಲ್ಲಿ ತಾನಾಗಿಯೇ ಬೆಳೆಯುವ ಪುಟ್ಟ ಗಿಡವೊಂದು ನಿಮಗೆ ಪರಿಚಿತವೇ ಇರಬೇಕು. ಎಲೆಗಳ ಕೆಳಗೆ ಸಣ್ಣ ಹಸಿರು ಕಾಯಿಗಳು ಸಾಲಾಗಿ ತೂಗುತ್ತವೆ. ಕನ್ನಡದಲ್ಲಿ ಇದು ನೆಲನೆಲ್ಲಿ ಅಥವಾ ಕಿರುನೆಲ್ಲಿ, ಉರ್ದುವಿನಲ್ಲಿ ಭುಯಿ ಆಮ್ಲಾ. ಕಾಮಾಲೆಗೆ ಇದನ್ನು ಅರೆದು ಕುಡಿಸುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಈ ಗಿಡ ಪ್ರಯೋಗಾಲಯವನ್ನು ಹೇಗೆ ಸೇರಿತು, ಅಲ್ಲಿ ಏನಾಯಿತು ಎಂಬ ಇತಿಹಾಸವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು.

ಕ್ಯಾನ್ಸರಿಗೆ ಔಷಧಿ ಹುಡುಕಬೇಕಾದರೆ ಮೊದಲು ಪ್ರಾಣಿಗಳಲ್ಲಿ ಅದನ್ನು ಅಭ್ಯಾಸ ಮಾಡಬೇಕು. ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ 1915ರಲ್ಲಿ ಮೊಲದ ಕಿವಿಗೆ ತಿಂಗಳುಗಟ್ಟಲೆ ಡಾಂಬರು ಹಚ್ಚಿ ಕ್ಯಾನ್ಸರ್ ಉಂಟುಮಾಡಿ ತೋರಿಸಿದರು. 1930ರ ದಶಕದಲ್ಲಿ ಅದೇ ದೇಶದ ಸಾಸಾಕಿ ಮತ್ತು ಯೋಶಿದಾ ಒಂದು ಬಗೆಯ ರಾಸಾಯನಿಕ ಬಣ್ಣವನ್ನು ಆಹಾರದಲ್ಲಿ ಬೆರೆಸಿ ಇಲಿಗಳ ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಕ್ಯಾನ್ಸರ್ ಉಂಟುಮಾಡಿದರು.

ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರಿಗೆ ಒಂದು ಮುಖ್ಯ ಕಾರಣ ಹೆಪಟೈಟಿಸ್ ಬಿ ವೈರಾಣು. ಇದರ ಗುರುತನ್ನು ರಕ್ತದಲ್ಲಿ ಮೊದಲು ಕಂಡುಹಿಡಿದ ಅಮೆರಿಕದ ಬರೂಚ್ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತೈವಾನಿನಲ್ಲಿ 22,707 ಪುರುಷರನ್ನು ಗಮನಿಸಿ 1981ರಲ್ಲಿ ಪ್ರಕಟವಾದ ಅಧ್ಯಯನವು, ಈ ವೈರಾಣುವನ್ನು ದೇಹದಲ್ಲಿ ಹೊತ್ತವರಿಗೆ ಯಕೃತ್ತಿನ ಕ್ಯಾನ್ಸರಿನ ಅಪಾಯ ಇತರರಿಗಿಂತ 200 ಪಟ್ಟಿಗೂ ಹೆಚ್ಚು ಎಂದು ತೋರಿಸಿತು. ಅಮೆರಿಕದ ವುಡ್‌ಚಕ್ ಎಂಬ, ಅಳಿಲಿನ ಕುಟುಂಬಕ್ಕೆ ಸೇರಿದ ಪ್ರಾಣಿಯಲ್ಲೂ ಇಂಥದೇ ವೈರಾಣು, ಇಂಥದೇ ಕ್ಯಾನ್ಸರ್ ಇರುವುದು 1978ರಲ್ಲಿ ವರದಿಯಾಯಿತು.

ನಮ್ಮ ನೆಲನೆಲ್ಲಿ ಈ ಇತಿಹಾಸದೊಳಗೆ ಬರುವುದು ಇಲ್ಲಿಯೇ. ಬ್ಲಂಬರ್ಗ್ ಮತ್ತು ಸಂಗಡಿಗರು ಗಿಡದ ಸಾರವನ್ನು ವೈರಾಣು ಸೋಂಕಿದ ವುಡ್‌ಚಕ್‌ಗಳಿಗೆ ಕೊಟ್ಟು ನೋಡಿದರು. ಹೊಸದಾಗಿ ಸೋಂಕು ತಗುಲಿದ್ದ ನಾಲ್ಕರಲ್ಲಿ ಮೂರು ಪ್ರಾಣಿಗಳ ರಕ್ತದಿಂದ ವೈರಾಣು ಮಾಯವಾಯಿತೆಂದು 1987ರಲ್ಲಿ ಪ್ರಕಟಿಸಿದರು. ಮರುವರ್ಷ ಮದರಾಸಿನ ತ್ಯಾಗರಾಜನ್ ಮೊದಲಾದವರು ಬ್ಲಂಬರ್ಗ್ ಅವರೊಡನೆ ಸೇರಿ ಮನುಷ್ಯರ ಮೇಲಿನ ಪರೀಕ್ಷೆಯನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. 30 ದಿನ ಔಷಧಿ ಪಡೆದ 37 ಜನರ ಪೈಕಿ 22 ಜನರಲ್ಲಿ ವೈರಾಣುವಿನ ಗುರುತು ಮರೆಯಾಗಿತ್ತು. ಔಷಧಿಯಂತೆ ಕಾಣುವ ಬರಿಯ ಪುಡಿ ಪಡೆದ 23 ಜನರ ಪೈಕಿ ಒಬ್ಬರಲ್ಲಿ ಮಾತ್ರ. ಲೋಕವೇ ಈ ಗಿಡದತ್ತ ತಿರುಗಿ ನೋಡಿತು.

ಆದರೆ ಓದುಗರೇ, ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. 37 ಮತ್ತು 23 ಕೂಡಿದರೆ 60. ಪರೀಕ್ಷೆಗೆ ಸೇರಿದ್ದವರು 78. ಉಳಿದ 18 ಜನ ಈ ಹೋಲಿಕೆಯಲ್ಲಿ ಬರಲೇ ಇಲ್ಲ. ಇಂತಹ ಚಿಕ್ಕ ಪರೀಕ್ಷೆಯನ್ನು ಬೇರೆಯವರೂ ಮಾಡಿ ನೋಡಲೇಬೇಕು. ಹಾಗೆಯೇ ಮಾಡಿದರು. 1990ರಲ್ಲಿ ಥಾಯ್ಲೆಂಡಿನಿಂದ, 1994ರಲ್ಲಿ ನ್ಯೂಜಿಲೆಂಡಿನಿಂದ ಬಂದ ಉತ್ತರ ಒಂದೇ: ಗುಣ ಕಾಣಲಿಲ್ಲ. 2011ರಲ್ಲಿ 16 ಪರೀಕ್ಷೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗಲೂ ನಂಬಲರ್ಹ ಪುರಾವೆ ಸಿಗಲಿಲ್ಲ.

ಈ ನಡುವೆ ಕೇರಳದ ತ್ರಿಶ್ಶೂರಿನ ಅಮಲ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ರಾಸಾಯನಿಕದಿಂದ ಯಕೃತ್ತಿನ ಕ್ಯಾನ್ಸರ್ ಬರಿಸಿದ ಇಲಿಗಳಿಗೆ ನೆಲನೆಲ್ಲಿಯ ಸಾರ ಕೊಟ್ಟರು. ಅವು ಸಾರ ಪಡೆಯದ ಇಲಿಗಳಿಗಿಂತ ಹೆಚ್ಚು ಕಾಲ ಬದುಕಿದವು ಎಂದು 2000ದಲ್ಲಿ ವರದಿ ಮಾಡಿದರು. ಇದು ಬೆಲೆಯುಳ್ಳ ಕೆಲಸವೇ ಸರಿ. ಆದರೆ ಇಲಿಗೆ ಕೆಲವೇ ತಿಂಗಳುಗಳಲ್ಲಿ ರಾಸಾಯನಿಕದಿಂದ ಬರಿಸಿದ ಕ್ಯಾನ್ಸರ್ ಬೇರೆ, ಮನುಷ್ಯನಲ್ಲಿ ವೈರಾಣುವಿನಿಂದ ಹತ್ತಾರು ವರ್ಷಗಳಲ್ಲಿ ಬೆಳೆಯುವ ಕ್ಯಾನ್ಸರ್ ಬೇರೆ. ಇಲಿಯ ಫಲಿತಾಂಶ ಮುಂದಿನ ಪರೀಕ್ಷೆಗೆ ಅನುಮತಿ ಪತ್ರವೇ ಹೊರತು ರೋಗಿಗೆ ಕೊಡುವ ಔಷಧಿ ಚೀಟಿಯಲ್ಲ.

"ಹಾಗಾದರೆ ನಮ್ಮೂರಿನಲ್ಲಿ ಅದೆಷ್ಟೋ ಜನ ಈ ಸೊಪ್ಪಿನಿಂದಲೇ ಗುಣವಾದರಲ್ಲ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆ ವೇಳೆಗೆ ಯಾವ ಸೊಪ್ಪು ಕುಡಿಸಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ಹೆಪಟೈಟಿಸ್ ಬಿ ಹಾಗಲ್ಲ. ಕಣ್ಣಿನ ಹಳದಿ ಇಳಿದ ಮೇಲೂ ಅದು ಕೆಲವರಲ್ಲಿ ಉಳಿದು ಸದ್ದಿಲ್ಲದೆ ಯಕೃತ್ತನ್ನು ಕೆಡಿಸುತ್ತದೆ. ಯಾವ ಕಾಮಾಲೆ ಎಂಬುದನ್ನು ಕಣ್ಣು ಹೇಳಲಾರದು, ರಕ್ತಪರೀಕ್ಷೆ ಹೇಳುತ್ತದೆ.

ಗೆಲುವು ಬಂದದ್ದು ಇನ್ನೊಂದು ದಾರಿಯಿಂದ. ತೈವಾನ್ 1984ರಿಂದ ನವಜಾತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕತೊಡಗಿತು. 6ರಿಂದ 14 ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿದದ್ದು 1997ರಲ್ಲಿ ಪ್ರಕಟವಾಯಿತು. ಭಾರತದಲ್ಲಿ 2002ರಲ್ಲಿ ಕೆಲವೆಡೆ ಆರಂಭವಾದ ಈ ಲಸಿಕೆ 2011ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಉಚಿತ.

ಆದ್ದರಿಂದ ನೆಲನೆಲ್ಲಿಯನ್ನು ತಿರಸ್ಕರಿಸಬೇಕಿಲ್ಲ, ಅದರ ಮೇಲಿನ ಸಂಶೋಧನೆ ನಡೆಯಲಿ. ಆದರೆ ಮನೆಯಲ್ಲಿ ಯಾರಿಗಾದರೂ ಕಾಮಾಲೆ ಕಂಡರೆ ಮೊದಲು ರಕ್ತಪರೀಕ್ಷೆ ಮಾಡಿಸಿ. ಮಗು ಹುಟ್ಟಿದರೆ 24 ಗಂಟೆಯೊಳಗೆ ಲಸಿಕೆ ಹಾಕಿಸಿ. ಓದು ಬಲ್ಲವರು ಈ ಮಾತನ್ನು ಓದು ಬಾರದ ನೆರೆಮನೆಗೂ ತಲುಪಿಸಿದರೆ ನಮ್ಮ ವಿದ್ಯೆಗೆ ಅರ್ಥ ಬಂದೀತು.